ಅಮ್ಮ ಕ್ಷಮಿಸಿರಲಿಲ್ಲ

ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಅಮ್ಮನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಾದ ಡಾಕ್ಟರರಿಗೂ ಅಕ್ಕ, ಗೇಟಿನಲ್ಲಿ ಕೂರುವ ಮುದುಕನಿಗೂ ಅಕ್ಕ. ಆ ಹೆಸರನ್ನು ಅಲ್ಲಿಗೆ ತಂದವನು ನನ್ನ ಮಾವ, ಅಂದರೆ ಅಮ್ಮನ ಒಬ್ಬನೇ ತಮ್ಮ. ಅವನು ಅದೇ ಆಸ್ಪತ್ರೆಯ ಬಾಯ್ಲರ್ ಮೆಕ್ಯಾನಿಕ್. ಅವನ ಗಂಟಲೋ, ಕೇಳುವುದೇ ಬೇಡ. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು "ಅಕ್ಕಾ" ಎಂದು ಕೂಗಿದನೆಂದರೆ ಮೇಲಿನ ಮಹಡಿಯಲ್ಲಿ ಆಗಷ್ಟೇ ನಿದ್ದೆ ಹತ್ತಿದ ರೋಗಿ ಎದ್ದು ಕೂರುತ್ತಿದ್ದ. ಕೇಳಿ ಕೇಳಿ ಎಲ್ಲರ ಬಾಯಿಗೂ ಅದೇ ಬಂದುಬಿಟ್ಟಿತು.

ಆ ನೆಲಮಾಳಿಗೆಯಲ್ಲಿ ಇದ್ದದ್ದು ಆಸ್ಪತ್ರೆಯ ಲಾಂಡ್ರಿ. ಅಮ್ಮ ಮದುವೆಗೆ ಮುಂಚೆಯೇ ಅಲ್ಲಿ ಕೊಳೆಬಟ್ಟೆ ವಿಂಗಡಿಸುವ ಕೆಲಸಕ್ಕೆ ಸೇರಿದ್ದಳು. ವಾರ್ಡುಗಳಿಂದ ಮೂಟೆಮೂಟೆಯಾಗಿ ಇಳಿದು ಬರುವ ಬಟ್ಟೆಯಲ್ಲಿ ರಕ್ತದ್ದು ಬೇರೆ, ಕೀವಿನದು ಬೇರೆ, ಬರೀ ಬೆವರಿನದು ಬೇರೆ. ಆಮೇಲೆ ನೆನೆಸುವ ತೊಟ್ಟಿಗಳು, ದೊಡ್ಡ ವಾಷಿಂಗ್ ಮೆಷೀನುಗಳು, ಅದಾದ ಮೇಲೆ ಹಬೆಯಿಂದ ಕಾಯುವ ಇಸ್ತ್ರಿ ರೋಲರ್. ಕೊನೆಗೆ ಗೋಡೆಯುದ್ದಕ್ಕೂ ಮಡಿಸುವ ಮೇಜು. ಒಂದೊಂದೇ ಜಾಗ ದಾಟಿಕೊಂಡು ಅಮ್ಮ ಲಾಂಡ್ರಿಯ ಮೇಲ್ವಿಚಾರಕಿಯಾದಳು. ಮೇಲ್ವಿಚಾರಕಿ ಎಂದರೆ ಕುರ್ಚಿ ಸಿಕ್ಕಿತು ಎಂದುಕೊಳ್ಳಬೇಡಿ. ಕುರ್ಚಿ ಕೊಟ್ಟಿದ್ದರು, ಅದರ ಮೇಲೆ ಅವಳು ಸೋಪಿನ ಪುಡಿಯ ಚೀಲ ಇಟ್ಟಿದ್ದಳು.

ಶಾಲೆ ಬಿಟ್ಟ ಮೇಲೆ ನಾನು ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆ. ಅಪ್ಪ ದೂರದ ಊರುಗಳ ಬಸ್ಸಿನ ಡ್ರೈವರ್, ವಾರದ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಹಾಗಾಗಿ ಬಿಸಿ ಬಿಸಿ ಬೆಡ್‌ಶೀಟುಗಳ ರಾಶಿಗೆ ಒರಗಿಕೊಂಡು ನಾನು ಪಾಠ ಓದಿದ್ದೇ ಹೆಚ್ಚು. ಅಮ್ಮ ಅಲ್ಲಿ ಮಾಡುತ್ತಿದ್ದ ಕೆಲವು ಕೆಲಸಗಳು ಯಾರೂ ಅವಳಿಗೆ ಹೇಳಿದ್ದಲ್ಲ. ಹೆಂಡತಿಯನ್ನೋ ಮಗುವನ್ನೋ ಅವಸರದಲ್ಲಿ ಎತ್ತಿಕೊಂಡು ಬಂದವರಿಗೆ ಉಟ್ಟ ಬಟ್ಟೆ ಬಿಟ್ಟರೆ ಬೇರೆ ಇರುತ್ತಿರಲಿಲ್ಲ. ಅಂಥವರು ಹಿಂಬಾಗಿಲಲ್ಲಿ ನಾಚಿಕೊಂಡು ನಿಂತರೆ ಅಮ್ಮ ಏನೂ ಕೇಳದೆ ಒಂದು ಆಸ್ಪತ್ರೆಯ ಗೌನು ಎಸೆದು, "ಅಂಗಿ ಕೊಡಿ ಇತ್ಲಾಗೆ" ಅನ್ನುತ್ತಿದ್ದಳು. ಸಂಜೆಯೊಳಗೆ ಅಂಗಿ ಒಗೆದು, ಒಣಗಿಸಿ, ಗುಂಡಿ ಬಿದ್ದಿದ್ದರೆ ಹೊಲಿದು ವಾಪಸು. ತೀರಿಹೋದವರ ಮೇಲೆ ಹೊದಿಸುವ ಬಟ್ಟೆಯನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ತುಂಬಾ ಸಲ ಒಗೆದು ಮೆತ್ತಗಾದದ್ದನ್ನೇ ಆರಿಸಿ ತಾನೇ ಇಸ್ತ್ರಿ ಮಾಡುತ್ತಿದ್ದಳು.

"ಅವರಿಗೆ ಗೊತ್ತಾಗುತ್ತಾ ಅಮ್ಮ?" ಎಂದು ನಾನೊಮ್ಮೆ ಕೇಳಿದ್ದೆ.

"ಹೊದಿಸೋರಿಗೆ ಗೊತ್ತಾಗುತ್ತೆ" ಅಂದಿದ್ದಳು.

ಅವಳ ದೇವರೂ ಆ ಮೇಜಿನ ಹತ್ತಿರವೇ ಇದ್ದ. ಬೆಳಿಗ್ಗೆ ಮೊದಲ ಬೆಡ್‌ಶೀಟನ್ನು ಮಡಿಸುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಇದರ ಮೇಲೆ ಮಲಗೋರಿಗೆ ನಿದ್ದೆ ಕೊಡು ದೇವರೇ, ಅಷ್ಟೇ ಅವಳ ಪ್ರಾರ್ಥನೆ. ರಜೆಯ ದಿನ ಬೆಳಿಗ್ಗೆ ಮಾತ್ರ ನಮ್ಮ ಬೀದಿಯ ತುದಿಯ ಪ್ರಾರ್ಥನೆ ಮನೆಗೆ ಹೋಗುತ್ತಿದ್ದಳು, ಮುಂದಿನ ಬೆಂಚಿನಲ್ಲಿ, ತಮ್ಮನ ಪಕ್ಕದಲ್ಲಿ. ಅಲ್ಲಿ ನೆಲ ಒರೆಸುವುದು, ಕಿಟಕಿಯ ಪರದೆ ಒಗೆಯುವುದು ಎಲ್ಲಾ ಅವಳದೇ. "ಆರು ದಿನ ಒಗೆದದ್ದು ಸಾಲದು ಅಂತ ಏಳನೇ ದಿನ ದೇವರ ಪರದೆ" ಎಂದು ಅಪ್ಪ ಛೇಡಿಸುತ್ತಿದ್ದ. ಅವನು ಪ್ರಾರ್ಥನೆಗೆ ಬರುತ್ತಿರಲಿಲ್ಲ. ಘಾಟಿ ರಸ್ತೆಯಲ್ಲಿ ಬಸ್ಸು ಇಳಿಸುವಾಗ ಮಾಡಿಕೊಳ್ಳುವುದೇ ಸಾಕಾಗುತ್ತೆ ಅನ್ನುತ್ತಿದ್ದ.

ಇನ್ನು ಮಾವನ ವಿಷಯ. ಅಜ್ಜಿ ತೀರಿಕೊಂಡಾಗ ಮಾವ ಇನ್ನೂ ನೆಟ್ಟಗೆ ನಡೆಯಲು ಕಲಿತಿರಲಿಲ್ಲವಂತೆ. ಅಮ್ಮ ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹಾಕಿಕೊಂಡು ಬೆಳೆಸಿದಳು. ಅವನಿಗೆ ಜ್ವರ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮದುವೆಯಾಗುವಾಗಲೂ ಅಪ್ಪನಿಗೆ ಮೊದಲೇ ಹೇಳಿಬಿಟ್ಟಿದ್ದಳು, "ನನ್ನ ಜೊತೆ ಇವನೂ ಬರ್ತಾನೆ" ಎಂದು. "ಒಂದು ಟಿಕೆಟ್ಟಿಗೆ ಇಬ್ಬರು ಹತ್ತಿದರು" ಎಂದು ಅಪ್ಪ ಹೇಳಿಕೊಂಡು ನಗುತ್ತಿದ್ದ. ಮಾವನಿಗೆ ಮೆಕ್ಯಾನಿಕ್ ತರಬೇತಿ ಕೊಡಿಸಿದವಳು ಅಮ್ಮ. ಆಸ್ಪತ್ರೆಯಲ್ಲಿ ಜಾಗ ಖಾಲಿಯಾದಾಗ ಸೂಪರಿಂಟೆಂಡೆಂಟರ ಬಾಗಿಲಲ್ಲಿ ನಿಂತು ಕೇಳಿಕೊಂಡವಳೂ ಅಮ್ಮನೇ. ತನಗೋಸ್ಕರ ಅವಳು ಆ ಬಾಗಿಲಿಗೆ ಒಂದು ದಿನವೂ ಹೋದವಳಲ್ಲ.

ನನಗೂ ಮಾವ ಎಂದರೆ ಪ್ರಾಣ. ನನಗೆ ಸೈಕಲ್ ಕಲಿಸಿದವನು ಅವನು. ಬಿಟ್ಟುಬಿಡಬೇಡ ಮಾವ ಎಂದು ನಾನು ಕಿರುಚುತ್ತಿದ್ದರೆ, "ಹಿಡ್ಕೊಂಡೇ ಇದೀನಿ ಕಣೇ" ಎಂದು ದೂರದಲ್ಲಿ ನಿಂತು ಹೇಳುತ್ತಿದ್ದ. ಮದುವೆಯಾಗಿ ಬೇರೆ ಮನೆ ಮಾಡಿದ್ದರೂ ಅವನು ಬಂದರೆ ನಮ್ಮ ಮನೆ ತುಂಬಿದ ಹಾಗೆ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆಸ್ಪತ್ರೆಯವರನ್ನೆಲ್ಲ ನಕಲು ಮಾಡಿ ತೋರಿಸುತ್ತಿದ್ದ. ಅಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅವಳನ್ನು ಹಾಗೆ ನಗಿಸುವುದು ಅಪ್ಪನಿಗೂ ಆಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಅದು. ಬಾಯ್ಲರಿನಿಂದ ಇಸ್ತ್ರಿ ರೋಲರಿಗೆ ಹೋಗುವ ಹಬೆಯ ಪೈಪಿನಲ್ಲಿ ಒಂದು ಜಾಯಿಂಟು ಸೋರುತ್ತಿತ್ತು. ಅಮ್ಮ ವಾರದಿಂದ ತಮ್ಮನ ಬೆನ್ನು ಬಿದ್ದಿದ್ದಳು. ಒಂದು ಮಧ್ಯಾಹ್ನ ರೋಲರ್ ನಿಲ್ಲಿಸಿ, ಇವತ್ತು ಮುಗಿಸಿಬಿಡು ಎಂದು ಅವನಿಗೆ ಬಿಟ್ಟುಕೊಟ್ಟಳು. ಸಂಜೆ ಅವನು ಕೈ ಒರೆಸಿಕೊಳ್ಳುತ್ತಾ ಬಂದ.

"ಬದಲಾಯಿಸಿದ್ಯಾ?"

"ಆಯ್ತಕ್ಕ, ಹೊಸದು ಹಾಕಿದೀನಿ."

ರೋಲರಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಅಮ್ಮನ ಓರಗೆಯವಳು, ಅವಳ ಜೊತೆಗೇ ಕೆಲಸಕ್ಕೆ ಸೇರಿದವಳು. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಎಲ್ಲರೂ ಗುಬ್ಬಚ್ಚಿ ಎನ್ನುತ್ತಿದ್ದರು. ಮಾವ ಹಾಗಂದಾಗ ಅವಳು ಅಲ್ಲೇ ಇದ್ದಳು. "ಹಾಗಾದ್ರೆ ನಾಳೆಯಿಂದ ನಾವು ಬೇಯೋದು ತಪ್ಪಿತು" ಎಂದು ತಮಾಷೆಯನ್ನೂ ಮಾಡಿದಳಂತೆ. ಮಾರನೆಯ ಬೆಳಿಗ್ಗೆ ಅಮ್ಮ ತನ್ನ ಕೈಯಾರೆ ಹಬೆಯ ವಾಲ್ವು ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಆ ಜಾಯಿಂಟು ಸಿಡಿಯಿತು. ರೋಲರಿಗೆ ಬಟ್ಟೆ ಕೊಡುತ್ತಾ ನಿಂತಿದ್ದ ಗುಬ್ಬಚ್ಚಿಯ ಎರಡು ತೋಳು ಬೆರಳವರೆಗೆ, ಕತ್ತು, ಕಿವಿಯ ಹಿಂಭಾಗ ಬೆಂದುಹೋದವು. ಅಮ್ಮ ಹಬೆಯೊಳಗೇ ನುಗ್ಗಿ ಅವಳನ್ನು ಎಳೆದುಕೊಂಡು ಬಂದು, ನೆನೆಸುವ ತೊಟ್ಟಿಯ ತಣ್ಣೀರಿನಲ್ಲಿ ಕೂರಿಸಿ, ತಾನೂ ಅದರೊಳಗೆ ಇಳಿದು ತಬ್ಬಿಕೊಂಡಳು. ಮೇಲಿನಿಂದ ಡಾಕ್ಟರರು ಬರುವವರೆಗೂ ಮಗ್ಗಿನಿಂದ ನೀರು ಹೊಯ್ಯುತ್ತಲೇ ಇದ್ದಳಂತೆ.

ಹಿಂದಿನ ಮಧ್ಯಾಹ್ನ ಮಾವ ಆಸ್ಪತ್ರೆಯಲ್ಲಿ ಇರಲೇ ಇಲ್ಲ. ಪಕ್ಕದ ಬೀದಿಯ ಹೋಟೆಲಿನ ಬಾಯ್ಲರ್ ಕೆಟ್ಟಿದೆ ಎಂದು ಯಾರೋ ಕರೆದಿದ್ದರು, ಮೇಲಿನ ಸಂಪಾದನೆಗೆ ಹೋಗಿದ್ದ. ಬಂದವನು ಹಳೆಯ ಜಾಯಿಂಟನ್ನೇ ಬಿಗಿ ಮಾಡಿ ಬಿಟ್ಟಿದ್ದ. ಇದನ್ನು ಅವನೇ ಅಪಘಾತವಾದ ದಿನ ಮಧ್ಯಾಹ್ನ, ಬಟ್ಟೆಯ ರಾಶಿಯ ಹಿಂದೆ ಕೂತು, ಅಮ್ಮನ ಮೊಣಕಾಲಿಗೆ ತಲೆಯಿಟ್ಟು ಹೇಳಿಕೊಂಡು ಅತ್ತ. ಅಮ್ಮ ಅವನ ತಲೆ ಸವರಿ, "ಹೋಗಿ ಇದ್ದದ್ದು ಇದ್ದ ಹಾಗೆ ಹೇಳು. ನಾನೂ ಜೊತೆಗಿರ್ತೀನಿ. ಕೆಲಸ ಹೋದ್ರೆ ಹೋಗಲಿ, ಮನೆ ಇದೆ, ನಾನಿದೀನಿ" ಅಂದಳು. ಅವನು ಆಗಲಿ ಎಂದು ತಲೆಯಾಡಿಸಿದ.

ವಿಚಾರಣೆ ನಡೆದದ್ದು ಸೂಪರಿಂಟೆಂಡೆಂಟರ ಕೋಣೆಯಲ್ಲಿ. ಅಮ್ಮನ ಕೈಚೀಲ ಹಿಡಿದುಕೊಂಡು ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಸೆಖೆಗೆ ಬಾಗಿಲು ತೆರೆದೇ ಇಟ್ಟಿದ್ದರು, ಹಾಗಾಗಿ ಒಂದು ಮಾತೂ ತಪ್ಪದೆ ಕೇಳಿಸಿತು.

"ಜಾಯಿಂಟ್ ಬದಲಾಯಿಸಿದೀನಿ ಅಂತ ಹೇಳಿದ್ದ ಸಾರ್. ಅದಕ್ಕೇ ತೆರೆದೆ" ಅಂದಳು ಅಮ್ಮ.

ಸೂಪರಿಂಟೆಂಡೆಂಟರು ಮಾವನನ್ನು ಕೇಳಿದರು, "ಹೇಳಿದ್ರಾ?"

"ಇಲ್ಲ ಸಾರ್" ಎಂದಿತು ಮಾವನ ದನಿ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಕೆಲಸ ಇನ್ನೂ ಬಾಕಿ ಇದೆ, ನಾನು ಹೇಳೋವರೆಗೂ ಸ್ಟೀಮ್ ಬಿಡಬೇಡ ಅಂತ ಅಕ್ಕನಿಗೆ ಹೇಳಿದ್ದೆ."

ಆಮೇಲೆ ಅಮ್ಮ, "ಏನೋ ಇದು?" ಅಂದಳು. ಸಿಟ್ಟಿನಿಂದಲ್ಲ. ಮಗು ಏನೋ ಬಾಯಿಗೆ ಹಾಕಿಕೊಂಡಿದೆ, ಉಗುಳು ಅನ್ನುವ ಹಾಗೆ.

"ಅಕ್ಕನ್ನ ಬೈಬೇಡಿ ಸಾರ್" ಎಂದು ಮಾವ ಮುಂದುವರಿಸಿದ. "ಈಚೀಚೆಗೆ ಸ್ವಲ್ಪ ಮರೀತಾಳೆ. ಮನೇಲೂ ಹಾಗೇ. ಒಲೆ ಮೇಲೆ ಹಾಲಿಟ್ಟು ಮರೆತುಬಿಡ್ತಾಳೆ. ಕೆಲಸ ಜಾಸ್ತಿ, ವಯಸ್ಸೂ ಆಯ್ತು."

ಹಾಲು ಉಕ್ಕಿದ್ದು ನಿಜ. ಒಂದೇ ಸಲ. ಅವತ್ತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳನ್ನು ಕಣ್ಣಲ್ಲಿ ನೀರು ಬರುವಷ್ಟು ನಗಿಸುತ್ತಿದ್ದವನು ಅವನೇ. ಬೆಂಚಿನ ಮೇಲೆ ಕೂತ ನನಗೆ ಅದು ನೆನಪಾಯಿತು. ಒಂದು ಸುಳ್ಳು ಹೇಳಿ ಸುಮ್ಮನಾಗಿದ್ದರೆ ಹೆದರಿದ್ದಾನೆ ಅಂದುಕೊಳ್ಳಬಹುದಿತ್ತು. ಅವನು ನಮ್ಮ ಮನೆಯ ನಗುವನ್ನೂ ಎತ್ತಿಕೊಂಡು ಹೋಗಿ ಸಾಕ್ಷಿಗೆ ನಿಲ್ಲಿಸಿದ.

ಗುಬ್ಬಚ್ಚಿಯನ್ನು ಕೇಳಿ ಅಂದಳು ಅಮ್ಮ. ಸುಟ್ಟಗಾಯದ ವಾರ್ಡಿಗೆ ಹೋಗಿ ಕೇಳಿಕೊಂಡು ಬಂದರು. ಅವಳಿಗೆ ಏನೂ ನೆನಪಿಲ್ಲವಂತೆ. ಆಮೇಲೆ ಗೊತ್ತಾಯಿತು, ವಾಸಿಯಾದ ಮೇಲೆ ಚೀಟಿ ಕೊಡುವ ಕೌಂಟರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದು ಅವಳಿಗೆ ಆಗಲೇ ಹೇಳಿಯಾಗಿತ್ತು. ಬೇಡದ ತಕರಾರು ಬೇಡ ಎಂದೂ ಹೇಳಿದ್ದರಂತೆ. ಜಾಯಿಂಟಿನ ತಪ್ಪಾದರೆ ಆಸ್ಪತ್ರೆಯ ತಪ್ಪು, ಮರೆವಿನ ಹೆಂಗಸಿನ ತಪ್ಪಾದರೆ ಹೆಂಗಸಿನದು ಮಾತ್ರ. ವಾಲ್ವು ತಿರುಗಿಸಿದ ಕೈ ಅಮ್ಮನದೇ ಆಗಿತ್ತಲ್ಲ. ಅವಳನ್ನು ಮನೆಗೆ ಕಳಿಸಿದರು.

ನನಗೆ ಆಗ ತಡೆಯಲಾಗದೇ ಹೋದದ್ದು ಬೇರೆಯದು. ಕೆಲಸ ಹೋದ ಮಾರನೆಯ ದಿನವೂ ಅಮ್ಮ ಬಾಚಣಿಗೆ, ಎಣ್ಣೆ ತೆಗೆದುಕೊಂಡು ಸುಟ್ಟಗಾಯದ ವಾರ್ಡಿಗೆ ಹೊರಟಳು. ಅಪಘಾತವಾದ ದಿನದಿಂದ ಅವಳು ಗುಬ್ಬಚ್ಚಿಗೆ ತಲೆ ಬಾಚಿ ಬರುತ್ತಿದ್ದಳು.

"ಇವತ್ತೂ ಹೋಗ್ತೀಯಾ? ಅವಳು ನಿನಗೆ ಹಾಗೆ ಕೈಕೊಟ್ಟ ಮೇಲೂ?" ಎಂದೆ.

"ಅವಳಿಗೆ ಕೈ ಎತ್ತೋಕಾಗಲ್ಲ. ಕೂದಲು ಗಾಯಕ್ಕೆ ಅಂಟಿಕೊಳ್ಳುತ್ತೆ."

"ಬೇರೆಯವರು ಬಾಚ್ತಾರೆ."

"ಬಾಚಲ್ಲ" ಅಂದಳು ಅಮ್ಮ. "ನಾನು ನೋಡಿದೀನಿ, ಬಾಚಲ್ಲ."

ಬಾಗಿಲವರೆಗೆ ನಾನೂ ಹೋದೆ. ಗುಬ್ಬಚ್ಚಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅಮ್ಮ ಅವಳ ಹಿಂದೆ ಮಂಚದ ಮೇಲೆ ಕೂತು ಸಿಕ್ಕು ಬಿಡಿಸುತ್ತಿದ್ದಳು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಹಗಲೆಲ್ಲಾ ಚಿಲಿಪಿಲಿ ಅನ್ನುತ್ತಿದ್ದ ಹೆಂಗಸು ಅವಳು.

ಅಪ್ಪ ಡ್ಯೂಟಿ ಮುಗಿಸಿ ಬಂದವನು ಎಲ್ಲಾ ಕೇಳಿಸಿಕೊಂಡ. ಆಮೇಲೆ, "ಬ್ರೇಕ್ ಇಲ್ಲದ ಬಸ್ಸಾದ್ರೆ ನಾನು ಡಿಪೋದಲ್ಲೇ ಬೇಡ ಅಂತೀನಿ. ಇವನು ಹುಟ್ಟಿದಾಗಿನಿಂದ ನೀನೇ ಓಡಿಸಿದೀಯ, ನಿನಗೆ ಗೊತ್ತಾಗಲಿಲ್ವಲ್ಲ" ಅಂದ. ಅಮ್ಮ ಆಗ ಮೊದಲ ಸಲ ಅತ್ತಳು. ಅಪ್ಪ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ನನ್ನನ್ನು ಬಿಟ್ಟರೆ ಅವಳನ್ನು ನಂಬಿದವನು ಅವನೊಬ್ಬನೇ. ನೆಂಟರಿಷ್ಟರೆಲ್ಲಾ ಹೇಳಿದ್ದು ಒಂದೇ ಮಾತು: ನಿಮ್ಮ ತಮ್ಮನಿಗೆ ಚಿಕ್ಕ ಮಕ್ಕಳಿದಾವೆ, ನೀವು ದೊಡ್ಡವರು, ಹೊಟ್ಟೆಗೆ ಹಾಕ್ಕೊಳ್ಳಿ.

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಹಾಕಿದಳು. ನರ್ಸುಗಳು ತಮ್ಮ ಯೂನಿಫಾರ್ಮು ತಂದುಕೊಡುತ್ತಿದ್ದರು, ಮುಂದಿನ ಬಾಗಿಲಿನಿಂದ ಅಲ್ಲ, ಯಾರಿಗೂ ಕಾಣದ ಹಾಗೆ ಹಿಂದಿನ ಗಲ್ಲಿಯಿಂದ. ನಮ್ಮ ಬೀದಿಯಲ್ಲಿ ಕೆಲಸ ಹುಡುಕಿಕೊಂಡು ಹೋಗುವವರ ಅಂಗಿಗಳೂ ಬರುತ್ತಿದ್ದವು. ಮೊದಲ ಕೆಲಸಕ್ಕೆ ಇಂಟರ್‌ವ್ಯೂ ಇದೆ ಎಂದರೆ ಅಮ್ಮ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಕೈ ನಿಲ್ಲಲಿಲ್ಲ, ಮನಸ್ಸಿನ ಮೃದುತನವೂ ಹೋಗಲಿಲ್ಲ. ಹೋದದ್ದು ಒಂದೇ. ಹಿಂದಿನಿಂದ ಯಾರಾದರೂ "ಅಕ್ಕಾ" ಎಂದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಮುಂದೆ ಬಂದು ನಿಂತು ಮಾತಾಡಿಸಬೇಕಿತ್ತು.

ಪ್ರಾರ್ಥನೆ ಮನೆಗೆ ಹೋಗುವುದನ್ನು ಅವಳು ಬಿಡಲಿಲ್ಲ. ಆದರೆ ಮುಂದಿನ ಬೆಂಚಿಗೆ ಹೋಗದೆ ಹಿಂದೆ, ಬಾಗಿಲ ಹತ್ತಿರ ಕೂರತೊಡಗಿದಳು. ಮುಂದೆ ಮಾವ ಕೂರುತ್ತಿದ್ದ. ಇದು ಜನರ ಕಣ್ಣಿಗೆ ಬಿತ್ತು. ಒಂದು ಸಂಜೆ ಅಲ್ಲಿ ಪ್ರಾರ್ಥನೆ ನಡೆಸುವ ಹಿರಿಯರು ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಾತು ಬೆಣ್ಣೆ. ಇಸ್ತ್ರಿ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, "ಬರುವ ವಾರ ಎಲ್ಲರ ಮುಂದೆ ನೀವು ತಮ್ಮನ ಕೈ ಹಿಡಿದುಬಿಡಿ ಅಮ್ಮ. ನೋಡುವವರಿಗೂ ಸಮಾಧಾನ" ಅಂದರು.

"ಹಿಡೀತೀನಿ. ನಡೆದದ್ದನ್ನ ಅವನು ಎಲ್ಲರ ಮುಂದೆ ಹೇಳಲಿ."

"ಕ್ಷಮೆಗೆ ಷರತ್ತು ಹಾಕಬಾರದಲ್ವಾ?"

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಷರತ್ತು ಅಲ್ಲ ಅಣ್ಣ. ಅವನು ಏನೂ ಮಾಡೇ ಇಲ್ಲ ಅಂತೀರಿ. ಹಾಗಾದ್ರೆ ನಾನು ಕ್ಷಮಿಸೋದು ಏನನ್ನ?"

ಹಿರಿಯರು, ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದು ಎದ್ದರು. ನನ್ನ ಮರೆವಿಗಾಗಿ ಪ್ರಾರ್ಥಿಸ್ತಾರೇನೋ ಎಂದು ಅಮ್ಮ ಅವರು ಹೋದ ಮೇಲೆ ಅಂದಳು. ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಆದರೆ ಆ ವಾರದಿಂದ ಅವಳು ಅಲ್ಲಿಗೆ ಹೋಗಲಿಲ್ಲ. ಅಕ್ಕನಿಗೆ ದೇವರ ಮೇಲಿನ ನಂಬಿಕೆ ಹೋಯಿತು ಎಂದು ಬೀದಿಯಲ್ಲಿ ಮಾತಾಯಿತು. ಮನೆಯಲ್ಲಿ ಪರರ ಅಂಗಿಯ ಮೇಲೆ ಬಾಗಿ ಅವಳ ತುಟಿ ಅಲ್ಲಾಡುವುದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ಮಾವ ನಮ್ಮ ಮನೆಗೆ ಮತ್ತೆ ಬಂದದ್ದು ವರ್ಷಗಳಾದ ಮೇಲೆ, ಅಪ್ಪ ತೀರಿಹೋದಾಗ. ಜನ ಎಲ್ಲಾ ಹೋದ ಮೇಲೂ ಅವನು ಉಳಿದ. ಕೈಯಲ್ಲಿ ಹಣ್ಣಿನ ಚೀಲ. ಅಷ್ಟು ಹೊತ್ತಿಗೆ ಅವನು ಆಸ್ಪತ್ರೆಯ ಯಂತ್ರಗಳಿಗೆಲ್ಲಾ ಮುಖ್ಯಸ್ಥನಾಗಿದ್ದ. ಪ್ರಾರ್ಥನೆ ಮನೆಯಲ್ಲೂ ಹಿರಿಯರಿಗೆ ಹುಷಾರಿಲ್ಲದಾಗ ಅವನೇ ಎದ್ದು ನಿಂತು ನಾಲ್ಕು ಮಾತಾಡುತ್ತಿದ್ದ. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತ, ಕೂರಲಿಲ್ಲ.

"ಅಕ್ಕ, ನಿನಗೆ ಒಂದು ಮಾತು ಹೇಳಬೇಕು."

"ಹೇಳು."

"ಅವತ್ತು ನನಗೆ ಬೇರೆ ದಾರಿ ಇರಲಿಲ್ಲ. ನಾನಾಗಿದ್ರೆ ಮುಗಿದೇಹೋಗ್ತಿದ್ದೆ. ಜೈಲಿಗೂ ಹಾಕ್ತಿದ್ರೇನೋ. ನೀನು ಗಟ್ಟಿ. ನೀನಾದ್ರೆ ತಡ್ಕೋತೀಯ ಅಂದ್ಕೊಂಡೆ. ತಡ್ಕೊಂಡೆ ಕೂಡ."

ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಪಾತ್ರೆ ಒರೆಸುವುದು ನಿಲ್ಲಿಸಿದ್ದೆ.

"ಇದನ್ನ ಅಲ್ಲಿ ಹೇಳು" ಅಂದಳು.

"ಎಲ್ಲಿ?"

"ಅವರ ಮುಂದೆ. ನೀನು ಎದ್ದು ನಿಂತು ಮಾತಾಡ್ತೀಯಲ್ಲ, ಅಲ್ಲಿ."

ಅವನು ಚೀಲವನ್ನು ಕಟ್ಟೆಯ ಮೇಲಿಟ್ಟ. "ಇಷ್ಟು ವರ್ಷದ ಮೇಲೆ ಯಾಕಕ್ಕ? ಮಕ್ಕಳು ದೊಡ್ಡವರಾಗಿದಾರೆ. ಅವರಿಗೆ ನನ್ನ ಮುಖ ಹೇಗೆ ತೋರಿಸಲಿ?"

"ನನ್ನ ಮಗಳೂ ದೊಡ್ಡವಳಾದಳು" ಅಂದಳು ಅಮ್ಮ. ಅವನು ಹೋದ. ಅಮ್ಮ ಆ ಹಣ್ಣುಗಳನ್ನು ಬೀದಿಯ ಮಕ್ಕಳಿಗೆ ಹಂಚಿದಳು. ನನಗೂ ಒಂದು ಕೊಡಲು ಬಂದಳು, ನಾನು ಮುಟ್ಟಲಿಲ್ಲ.

ಆಮೇಲೆ ಒಂದು ದಿನ, ಸುಮ್ಮನೆ ದಿಂಬಿನ ಚೀಲ ಮಡಿಸುತ್ತಾ, ನಾನು ಕೇಳದೆಯೇ ಹೇಳಿದಳು: "ನಾನು ಅವನನ್ನ ಕ್ಷಮಿಸಿಲ್ಲ. ಅವನಿಗೆ ಕೆಟ್ಟದಾಗಲಿ ಅಂತಲೂ ಕೇಳಿಕೊಂಡಿಲ್ಲ. ದೇವರಿಗೆ ಎರಡೂ ಗೊತ್ತು. ಸುಳ್ಳು ಹೇಳಿ ದೇವರ ಮುಂದೆ ಹೋಗೋದು ನನಗೆ ಬೇಡ."

ಅಮ್ಮ ತೀರಿಕೊಂಡದ್ದು ಅದೇ ಆಸ್ಪತ್ರೆಯಲ್ಲಿ. ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ ಎಂದರೆ ಅವಳೇ ಬೇಡ ಅಂದಳು. ಎದೆಯಲ್ಲಿ ನೀರು ತುಂಬುತ್ತಿತ್ತು, ಮಲಗಲು ಆಗುತ್ತಿರಲಿಲ್ಲ. ದಿಂಬುಗಳಿಗೆ ಒರಗಿಕೊಂಡೇ ಬೆರಳಲ್ಲಿ ಬೆಡ್‌ಶೀಟಿನ ಅಂಚು ಉಜ್ಜಿ ನೋಡಿ, "ಜಾಲಿಸಿಯೇ ಇಲ್ಲ, ಸೋಪು ಹಾಗೇ ಇದೆ" ಎಂದು ಮುಖ ಕಿವುಚಿದಳು. ಪಕ್ಕದ ಮಂಚದ ಮುದುಕಿಯ ಕಾಲು ತಣ್ಣಗಾಗಿದೆ ಎಂದು ತನ್ನ ಹೊದಿಕೆಯನ್ನು ಅವಳಿಗೆ ಕೊಡಿಸಿದಳು. ಮಾವ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನ ಕಡೆ ಅವಳು ನೋಡುತ್ತಿದ್ದಳು, ಅವನು ಹೇಳುತ್ತಾನೇನೋ ಎಂದು ಕಾಯುವ ಹಾಗೆ. ಅವನು ಡಾಕ್ಟರರ ಹತ್ತಿರ ಮಾತಾಡಿ, ನರ್ಸಿಗೆ ಏನೋ ಹೇಳಿ ಹೊರಟುಬಿಡುತ್ತಿದ್ದ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡೇ ಅವಳು ಹೋದಳು.

ಅವಳ ನೆನಪಿಗೆ ಪ್ರಾರ್ಥನೆ ಮನೆಯಲ್ಲಿ ಒಂದು ಸಭೆ ಇಡೋಣ ಎಂದು ಲಾಂಡ್ರಿಯ ಹಳೆಯ ಹೆಂಗಸರು ಕೇಳಿದರು. ಬೇಡ ಅನ್ನಲು ನನಗೆ ತ್ರಾಣ ಇರಲಿಲ್ಲ. ಅವತ್ತು ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ನರ್ಸುಗಳು, ಡಾಕ್ಟರರು, ಹಿಂಬಾಗಿಲಲ್ಲಿ ಅಂಗಿ ಒಗೆಸಿಕೊಂಡು ಹೋದ ಯಾರೋ ಒಬ್ಬರು, ಬೀದಿಯವರು. ಮೂಲೆಯಲ್ಲಿ ಕತ್ತಿನವರೆಗೆ ಶಾಲು ಸುತ್ತಿಕೊಂಡು ಗುಬ್ಬಚ್ಚಿ.

ಮೊದಲು ಎದ್ದವನು ಮಾವ.

ಅವನು ಚೆನ್ನಾಗಿ ಮಾತಾಡಿದ. ಅದನ್ನು ಒಪ್ಪಲೇಬೇಕು. ತಾಯಿಯ ಮುಖ ನೆನಪಿಲ್ಲದ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು, ತನಗೆ ಜ್ವರ ಬಂದಾಗ ಉಪವಾಸ ಕೂತದ್ದು, ಸತ್ತವರ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದದ್ದು, ಎಲ್ಲವನ್ನೂ ಹೇಳಿದ. ಒಂದೂ ಸುಳ್ಳಲ್ಲ. ಹೆಂಗಸರು ಕಣ್ಣೊರೆಸಿಕೊಂಡರು. ಒಂದು ಕ್ಷಣ, ಈಗ ಹೇಳುತ್ತಾನೆ, ಇವತ್ತು ಹೇಳಿಯೇ ಬಿಡುತ್ತಾನೆ ಎಂದು ನಾನು ಕೂತಲ್ಲೇ ಮುಂದಕ್ಕೆ ಬಾಗಿದೆ.

"ನನ್ನ ಅಕ್ಕನ ಕೈಯಿಂದ ಒಂದು ಸಲ ಒಂದು ತಪ್ಪಾಯಿತು" ಅಂದ ಮಾವ. "ಯಾರಿಂದ ಆಗಲ್ಲ? ಅದನ್ನ ಅವಳು ತಲೆಬಾಗಿ ಒಪ್ಪಿಕೊಂಡಳು. ಅವತ್ತು ನನ್ನ ಕರ್ತವ್ಯ ನಾನು ಮಾಡಬೇಕಾಯಿತು. ಅದಕ್ಕಾಗಿ ನನ್ನನ್ನೂ ಮನಸಾರೆ ಕ್ಷಮಿಸಿದಳು. ಕ್ಷಮೆ ಅಂದ್ರೆ ಏನು ಅಂತ ನಾನು ಕಲಿತದ್ದು ನನ್ನ ಅಕ್ಕನಿಂದ."

ಹೇಳುತ್ತಾ ಅವನ ದನಿ ಒಡೆಯಿತು. ನಟನೆಯಲ್ಲ. ಅಷ್ಟು ವರ್ಷ ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದ. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಅಮ್ಮನ ಕೆಲಸ ಅವನು ಯಾವಾಗಲೋ ಕಿತ್ತುಕೊಂಡಿದ್ದ. ಈಗ ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಮಾತನ್ನೂ, ಕ್ಷಮಿಸಿಲ್ಲ ಎಂಬ ಮಾತನ್ನೂ, ಅವಳ ಬಾಯಿಂದ ತೆಗೆದುಬಿಟ್ಟ.

ನಾನು ಎದ್ದು ನಿಂತೆ. ಏನು ಮಾತಾಡಬೇಕೆಂದು ಯೋಚಿಸಿರಲಿಲ್ಲ.

"ಅಮ್ಮ ತಪ್ಪು ಮಾಡಿರಲಿಲ್ಲ. ಒಪ್ಪಿಕೊಂಡಿರಲೂ ಇಲ್ಲ. ಜಾಯಿಂಟ್ ಬದಲಾಯಿಸಿದೀನಿ ಅಂತ ಮಾವ ಹೇಳಿದ್ದ. ಬದಲಾಯಿಸಿರಲಿಲ್ಲ. ಅಮ್ಮ ಅವನನ್ನ ಕ್ಷಮಿಸಿರಲಿಲ್ಲ. ಇದನ್ನ ನನಗೆ ಅವಳೇ ಹೇಳಿದ್ದಳು."

ನಾನು ಮೂಲೆಯ ಕಡೆ ತಿರುಗಿದೆ. "ನೀವು ಅಲ್ಲೇ ಇದ್ರಿ. ನೀವು ಕೇಳಿಸಿಕೊಂಡಿದ್ರಿ. ಈಗಲಾದ್ರೂ ಹೇಳಿ."

ಗುಬ್ಬಚ್ಚಿ ತನ್ನ ಕೈಗಳನ್ನು ನೋಡಿಕೊಂಡಳು. ಎದ್ದಳು. ಹೇಳುತ್ತಾಳೆ ಅಂದುಕೊಂಡೆ. ಶಾಲನ್ನು ಎಳೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬಾಗಿಲಿನಿಂದ ಹೊರಗೆ ಹೋದಳು.

ಮಾವ ಬಂದು ನನ್ನ ಭುಜ ಹಿಡಿದು ಮೆಲ್ಲಗೆ ಕೂರಿಸಿದ. "ಸಂಕಟದಲ್ಲಿದಾಳೆ ಪಾಪ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಆಮೇಲೆ ಜನ ಒಬ್ಬೊಬ್ಬರೇ ಬಂದು ನನ್ನ ತಲೆ ಸವರಿದರು. ನೀರು ಕುಡಿ ಅಂದರು, ಸ್ವಲ್ಪ ನಿದ್ದೆ ಮಾಡು ಅಂದರು. ನಾನು ಹೇಳಿದ್ದು ನಿಜವೇ ಎಂದು ಒಬ್ಬರೂ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಗುಬ್ಬಚ್ಚಿ ಮನೆಗೆ ಬಂದಳು. ನಾನು ಕೂರಿ ಅನ್ನಲಿಲ್ಲ, ಅವಳೇ ಕೂತಳು. "ಅವನು ಹೊಸದು ಹಾಕಿದೀನಿ ಅಂದದ್ದು ನಾನು ಕೇಳಿದ್ದೆ" ಅಂದಳು. "ಅಲ್ಲಿ ಎಲ್ಲರ ಮುಂದೆ ಬಾಯಿ ಬರಲಿಲ್ಲ. ಈ ಕೈ ಇಟ್ಕೊಂಡು ನಾನು ಬೇರೆ ಯಾವ ಕೆಲಸ ಮಾಡಲಿ ಹೇಳು. ನನ್ನ ಮಗನನ್ನೂ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿಸಿಕೊಂಡಿದಾರೆ."

"ಅಮ್ಮನಿಗೆ ಒಂದು ಸಲ ಹೇಳಬಹುದಿತ್ತಲ್ಲ. ಅವಳೊಬ್ಬಳಿಗೇ."

"ಅವಳು ಕೇಳಲೇ ಇಲ್ಲ. ಕೇಳಿದ್ರೆ ಹೇಳಿಬಿಡ್ತಿದ್ದೆನೇನೋ."

ತಪ್ಪು ಕೊನೆಗೂ ಅಮ್ಮನದೇ ಆಯಿತು, ಕೇಳಲಿಲ್ಲ ಅನ್ನುವುದು. ಎದ್ದು ಬಾಗಿಲು ತೆರೆದೆ. ಮೆಟ್ಟಿಲು ಇಳಿಯುವಾಗ ಅವಳಿಗೆ ಕಂಬಿ ಹಿಡಿಯಲು ಆಗುತ್ತಿರಲಿಲ್ಲ, ಬೆರಳು ಮಡಚುತ್ತಿರಲಿಲ್ಲ. ಅಮ್ಮನಾಗಿದ್ದರೆ ತೋಳು ಹಿಡಿದು ಇಳಿಸುತ್ತಿದ್ದಳು. ನಾನು ನೋಡುತ್ತಾ ನಿಂತೆ.

ಆ ವರ್ಷದ ಕೊನೆಗೆ ಮಾವ ಬೀದಿಯಲ್ಲಿ ಸಿಕ್ಕಿದ. "ಪ್ರಾರ್ಥನೆ ಮನೆಗೆ ಅಕ್ಕನದೊಂದು ಫೋಟೋ ಬೇಕು ಕಣೇ. 'ಕರುಣಾಮಯಿ' ಅಂತ ಕೆಳಗೆ ಬರೆಸಿ ಗೋಡೆಗೆ ಹಾಕ್ತೀವಿ" ಅಂದ.

"ನಾನು ಕೊಡಲ್ಲ. ನೀವೂ ಕೇಳಬೇಡಿ" ಎಂದೆ.

ಅವನನ್ನು ನಾನು 'ನೀವು' ಎಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅವನಿಗೆ ಅದು ತಾಗಿತು. ಮುಖ ಸಣ್ಣದಾಯಿತು. ಬಂದ ದಾರಿಯಲ್ಲೇ ತಿರುಗಿ ಹೋದ.

ಆದರೂ ಫೋಟೋ ಹಾಕಿದರು. ಮೊನ್ನೆ ಔಷಧಿ ಅಂಗಡಿಗೆ ಹೋಗುವಾಗ ಪ್ರಾರ್ಥನೆ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ, ಹೊಸ್ತಿಲಲ್ಲಿ ನಿಂತು ನೋಡಿದೆ. ಮಾವ ತನ್ನ ಮದುವೆಯ ಫೋಟೋದಿಂದ ಅಮ್ಮನನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ದಾನೆ. ಅಮ್ಮ ನಗುತ್ತಿದ್ದಾಳೆ. ತಮ್ಮನ ಮದುವೆಯ ದಿನ, ನಿಜವಾಗಿಯೂ ಸಂತೋಷವಾಗಿದ್ದಳು. ಅವನನ್ನು ಕತ್ತರಿಸಿ ತೆಗೆದರೂ ಅಂಚಿನಲ್ಲಿ, ಅವಳ ಹೆಗಲ ಮೇಲೆ, ಅವನ ಬೆರಳುಗಳು ಹಾಗೇ ಉಳಿದುಕೊಂಡಿವೆ.